ಕಚ್ಚಿಟ್ಟ ಪೋಳಿ

ಕಾಗೆ ಮತ್ತೆ ಕತ್ತು ಓರೆ ಮಾಡಿತು, ಕಟ್ಟೆಯ ಮೇಲಿನ ಪಿಂಡವನ್ನು ನೋಡಿತು, ಇಳಿಯಲಿಲ್ಲ — ಕಾಯುತ್ತಾ ಒಂದೂವರೆ ಗಂಟೆಯಾಯಿತು, ವಾಯಿ ಊರಿನ ನದೀಘಾಟಿನ ಕಲ್ಲು ಕಾದ ಹಂಚಾಗಿದೆ, ಹೆತ್ತ ಆಯಿ ಹೋಗಿ ಇವತ್ತಿಗೆ ಹತ್ತು ದಿನ, ಕಾಗೆ ಮುಟ್ಟುವವರೆಗೆ ಯಾರೂ ಉಣ್ಣುವಂತಿಲ್ಲ, ಬಾಳಮಾಮಾನ ಹೊಟ್ಟೆ ಗುರುಗುಟ್ಟುವುದು ಎರಡು ಮೆಟ್ಟಿಲಾಚೆಗೂ ಕೇಳುತ್ತಿದೆ, ಸುಲಭಾಳ ಹೊಟ್ಟೆ ಮಾತ್ರ ಬೀಗ ಹಾಕಿದ ಮನೆ. ಪ್ರತಿ ಗುರುವಾರ ಹೊಕ್ಕುಳ ಪಕ್ಕ ಹಸಿವು ಕಟ್ಟುವ ಒಂದು ಸೂಜಿ, ಎಂಟು ತಿಂಗಳಿಗೆ ಇಪ್ಪತ್ತೆರಡು ಕಿಲೊ ಇಳಿಯಿತು, ಮಂಡಿನೋವು ಹೋಯಿತು, ಡಾಕ್ಟರು ಭೇಷ್ ಅಂದರು — ಹಸಿವು ಹೋದ ದಾರಿಯಲ್ಲೇ ಅಳುವೂ ಹೋಯಿತೇ, ಅವರನ್ನು ಕೇಳುವುದು ಹೇಗೆ, ಆಯಿ ಸತ್ತಳು, ಅಳು ಬರುತ್ತಿಲ್ಲ, ಇದು ಸೂಜಿಯಿಂದಲೋ ನನ್ನಿಂದಲೋ ಎಂದು. ಅಣ್ಣ ಹೇರಂಬ ಮತ್ತೆ ಕೈಮುಗಿದ, ಆಯೀ, ನಿನ್ನ ತುಳಸಿ ಒಣಗೋಕೆ ಬಿಡಲ್ಲ, ಕಾಗೆ ಅಲುಗಲಿಲ್ಲ, ಸುಲಭಾನ ಹಬ್ಬಕ್ಕೆ ಕರೆಸ್ತೀನಿ, ಸೀರೆ ಉಡಿಸ್ತೀನಿ, ಕಾಗೆ ಆಚೆ ತಿರುಗಿತು. ಭಟ್ಟರು ಗಡಿಯಾರ ನೋಡಿ, ಇನ್ನು ದರ್ಭೆಯಲ್ಲಿ ಕಾಗೆ ಮಾಡಿ ಮುಟ್ಟಿಸಿಬಿಡೋಣ ಅಂದರು, ಬೇಡ ಬೇಡ, ಅವಳಿಗೆ ಏನೋ ಆಸೆ ಉಳಿದಿದೆ ಕಣೋ, ನೆನಪು ಮಾಡ್ಕೊಳ್ಳಿ ಎಂದ ಬಾಳಮಾಮಾ. ಸುಲಭಾಳಿಗೆ ನೆನಪಿದೆ. ಈ ಸಲದ ಸಂಕ್ರಾಂತಿ, ಆಯಿ ಗೋಡೆ ಹಿಡಿದು ನಿಂತು ಲಟ್ಟಿಸಿದ ಬೆಲ್ಲದ ಪೋಳಿ — ಬಾಲ್ಯವಿಡೀ ತುಪ್ಪದ ಡಬ್ಬಿಯನ್ನು ಅಟ್ಟದ ಮೇಲೆ ಬಚ್ಚಿಟ್ಟವಳು, ಸಾಕು ಏಳೇ, ನೋಡೋಕೆ ಬರೋ ಗಂಡು ಹೆದರಿ ಓಡ್ತಾನೆ ಅಂದವಳು, ಅವತ್ತು ತಾನೇ ತುಪ್ಪ ಸುರಿದು ತಾಟು ಮುಂದಿಟ್ಟಳು, ಈಗ ತಿನ್ನೇ, ಈಗ ಯಾರು ಬೇಡ ಅಂತಾರೆ. ಅದು ಕ್ಷಮೆ ಕೇಳಿದ್ದು, ಬೇರೆ ಥರ ಕೇಳಲು ಆಯಿಗೆ ಬರುತ್ತಿರಲಿಲ್ಲ, ಸುಲಭಾ ಒಮ್ಮೆ ಕಚ್ಚಿದಳು, ಬಾಯಿತುಂಬ ಮಣ್ಣು, ಆಮೇಲೆ ತಿಂತೀನಿ ಅಂದಳು, ಆಯಿ ಅದರ ಮೇಲೆ ಬಟ್ಟಲು ಮುಚ್ಚಿಟ್ಟಳು, ಮರುದಿನವೂ ಅಲ್ಲೇ ಇತ್ತು, ಹಲ್ಲಿನ ಗುರುತು ಸಮೇತ. ಎದ್ದು ಕಟ್ಟೆಯ ಹತ್ತಿರ ಹೋದಳು, ಆಯೀ, ಆ ಪೋಳಿ ತಿಂತೀನಿ — ಹೇಳುವಾಗಲೇ ಗೊತ್ತು, ಸುಳ್ಳು, ನಾಳೆ ಗುರುವಾರ — ಕಾಗೆ ದೊಪ್ಪನೆ ಇಳಿಯಿತು, ಕೊಕ್ಕು ತುಂಬ ಅನ್ನ, ಎಲ್ಲರೂ ನಿಟ್ಟುಸಿರಿಟ್ಟು ಎದ್ದರು, ಅಣ್ಣ ಬಿಕ್ಕಿ ಬಿಕ್ಕಿ ಅತ್ತ, ಅತ್ತಿಗೆ ಎಲೆ ಹಾಕಲು ಓಡಿದಳು, ಸುಲಭಾ ಕಾಗೆಯ ಗಂಟಲನ್ನೇ ನೋಡುತ್ತಾಳೆ, ನುಂಗುತ್ತಿದೆ, ಅಬ್ಬಾ ಎಷ್ಟು ಹಸಿವಿತ್ತು ಇದಕ್ಕೆ, ನಂಬಿಬಿಟ್ಟಳಲ್ಲ ಆಯಿ, ನನ್ನ ಮಾತು ನಂಬಿಬಿಟ್ಟಳಲ್ಲ, ಬಟ್ಟಲು, ಬಟ್ಟಲ ಕೆಳಗೆ ಪೋಳಿ, ಹಲ್ಲಿನ ಗುರುತು, ಹಲ್ಲಿನ ಗುರುತು