ಮಂಡಿ ಕೆಳಗಿನ ಕಾಫಿ

ಬೆಳಗಿನಿಂದ ಗುಡಿಸಿದರೂ ಚರ್ಚಿನ ನೆಲದಿಂದ ಮೆಕ್ಕೆಜೋಳದ ಹೊಟ್ಟು ಏಳುತ್ತಲೇ ಇತ್ತು. ದೇವರಿಲ್ಲ ಎಂದು ಸರ್ಕಾರ ಕಾನೂನು ಮಾಡಿದ ವರ್ಷದಿಂದ ಹಿಡಿದು ಇಪ್ಪತ್ತನಾಲ್ಕು ವರ್ಷ ಅದು ಸಹಕಾರಿ ಸಂಘದ ಉಗ್ರಾಣವಾಗಿತ್ತು. ಪೀಠವಿದ್ದ ಜಾಗದಲ್ಲಿ ತಕ್ಕಡಿಯ ಕಬ್ಬಿಣದ ಕಾಲು ಹೂತಿದ್ದರು. ಅದನ್ನು ಕೀಳಲು ನಾಲ್ಕು ಜನ ಬೇಕಾಯಿತು. ನಾಳೆ ಪಾಸ್ಕ, ಈಸ್ಟರ್ ಹಬ್ಬ. ಷ್ಕೋದರ್ ಪಟ್ಟಣದಿಂದ ಮುದಿ ಪಾದ್ರಿ ದೋಮ್ ಲಾಜರ್ ಹೇಸರಗತ್ತೆಯ ಮೇಲೆ ಬಂದು ರೊಟ್ಟಿ-ದ್ರಾಕ್ಷಾರಸದ ಬಲಿಪೂಜೆ ಮಾಡಲಿದ್ದರು. ನಾಳೆಯೇ ಮತದಾನ ಕೂಡ. ಒಂದಕ್ಕಿಂತ ಹೆಚ್ಚು ಪಕ್ಷಗಳ ಹೆಸರಿರುವ ಚೀಟಿಯನ್ನು ಅಲ್ಬೇನಿಯಾದ ಆ ಬೆಟ್ಟದ ಊರಿನಲ್ಲಿ ಯಾರೂ ಕಂಡವರಲ್ಲ.

"ಮೊದ್ಲು ಚೀಟಿ ಹಾಕಿ ಬರೋಣ," ಎಂದ ಪ್ರೆಂಗ್. ಹೇಸರಗತ್ತೆ ಹೊಡೆಯುವ ಅವನ ಬಾಯಿ ಸುಮ್ಮನಿರುವ ಜಾಯಮಾನದ್ದಲ್ಲ. "ಅಲ್ಲಿ ಏನ್ ಪಾಪ ಮಾಡ್ತೀವೋ, ಹೆಂಗೂ ಪಾದ್ರಿ ಇಲ್ಲೇ ಇರ್ತಾರೆ. ಒಂದೇ ನಡಿಗೇಲಿ ತೊಳ್ಕೊಂಡು ಮನೆಗ್ ಹೋಗ್ಬಹುದು."

ಮಾರಾಷನ ಮನೆಯ ಗಂಡಸರ ಕೋಣೆಯಲ್ಲಿ ನಗು ಎದ್ದಿತು. ಹತ್ತು ಹನ್ನೆರಡು ಜನ ಒಲೆಯ ಸುತ್ತ ಕುರಿತುಪ್ಪಟದ ಹಾಸಿನ ಮೇಲೆ ಚಕ್ಕಳಮಕ್ಕಳ ಹಾಕಿ ಕೂತಿದ್ದರು. ಎಲ್ಲರಿಗಿಂತ ಮೇಲೆ, ಒಲೆಯ ಬಲಕ್ಕಿನ ಮರ್ಯಾದೆಯ ಜಾಗದಲ್ಲಿ, ತೊನಿನ್. ಆ ಜಾಗ ಬೇಡವೆಂದು ಎರಡು ವರ್ಷದಿಂದ ಅವನು ಹೇಳುತ್ತಲೇ ಇದ್ದ. ಹೇಳಿದಷ್ಟೂ ಅವರು ಅವನನ್ನು ಇನ್ನೂ ಮೇಲಕ್ಕೆ ಕೂರಿಸುತ್ತಿದ್ದರು.

ಚರ್ಚಿದ್ದ ಕಾಲದಲ್ಲಿ ತೊನಿನ್ ಅದರ ಗಂಟೆ ಹೊಡೆಯುತ್ತಿದ್ದ, ಪೀಠದ ದೀಪ ನೋಡಿಕೊಳ್ಳುತ್ತಿದ್ದ. ಪಾದ್ರಿಗಳನ್ನೆಲ್ಲ ಹಿಡಿದುಕೊಂಡು ಹೋದಮೇಲೆ ಮಾರಾಷನ ತಂಗಿ ದೀಲಾ ತನ್ನ ಅಡುಗೆಮನೆಯಲ್ಲೇ ಕದ್ದು ಮಕ್ಕಳಿಗೆ ಜ್ಞಾನಸ್ನಾನ ಕೊಡತೊಡಗಿದಳು. ಮಗುವಿನ ತಂದೆ ಹೊರಗೆ ಕಾವಲು ನಿಲ್ಲುವುದು, ಒಳಗೆ ಮಗುವನ್ನು ತೊನಿನ್ ಹಿಡಿದುಕೊಳ್ಳುವುದು, ದೀಲಾ ನೀರು ಹಾಕುವುದು. ಹಾಗಾಗಿ ಆ ವರ್ಷಗಳಲ್ಲಿ ಹುಟ್ಟಿದ ಮಕ್ಕಳಿಗೆಲ್ಲ ಅವನೇ ಜ್ಞಾನತಂದೆ. ಎಪ್ಪತ್ತೈದರ ಚಳಿಗಾಲದಲ್ಲಿ ಮೂರು ಮಕ್ಕಳಿಗಾಯಿತು: ಪ್ರೆಂಗ್‌ನ ಮಗ, ಈಗ ತೀರಿಕೊಂಡಿರುವ ಇನ್ನೊಬ್ಬನ ಮಗ, ಕಡೆಗೆ ಜೆಫ್‌ನ ಮಗಳು ವಿತೋರೆ. ಅದಾಗಿ ಮೂರನೇ ದಿನ ತೊನಿನ್‌ನನ್ನು ಹಿಡಿದರು. ಇನ್ನೆರಡು ವಾರಕ್ಕೆ ದೀಲಾಳನ್ನು, ಪ್ರೆಂಗ್‌ನನ್ನು, ಆ ಇನ್ನೊಬ್ಬನನ್ನು. ತೊನಿನ್‌ಗೆ ತಾಮ್ರದ ಗಣಿಯ ಶಿಬಿರದಲ್ಲಿ ಹದಿನಾಲ್ಕು ವರ್ಷ, ದೀಲಾಗೆ ಹತ್ತು, ಗಂಡಸರಿಬ್ಬರಿಗೂ ಮೂರು ಮೂರು. ಜೆಫ್‌ನ ಮನೆಗೆ ಮಾತ್ರ ಯಾರೂ ಬರಲಿಲ್ಲ.

ಬರದೆ ಇದ್ದುದೇ ಅವನ ತಲೆಗೆ ಬಂತು. ಹಿಡಿದುಕೊಟ್ಟವನು ಅವನೇ ಎಂದು ಎಲ್ಲರೂ ತೀರ್ಮಾನಿಸಿದರು.

"ನಾಳೆ ಶಿಲುಬೆ ಹೊರೋದು ತೊನಿನಣ್ಣಾನೇ," ಎಂದ ಮಾರಾಷ್. "ಇದ್ರಲ್ಲಿ ಎರಡು ಮಾತಿಲ್ಲ. ದೋಮ್ ಲಾಜರ್‌ಗೂ ಹೇಳಿ ಕಳಿಸಿದೀನಿ."

"ನನ್ ಕೈಲಾಗಲ್ಲ ಮಾರಾಷ್. ಎದೆ ಹಿಡ್ಕೊಳುತ್ತೆ."

"ಗಣಿ ಧೂಳು ಕುಡಿದ ಎದೆ ಅದು, ಹಿಡ್ಕೊಳದೆ ಏನ್ ಮಾಡುತ್ತೆ? ನಿಧಾನ ನಡಿ. ದೇವ್ರು ಇಪ್ಪತ್ನಾಕು ವರ್ಷ ಕಾದಿದಾನೆ, ಇನ್ನರ್ಧ ಗಂಟೆ ಕಾಯ್ತಾನೆ."

ತೊನಿನ್ ನೆಲ ನೋಡಿದ. ಗಣಿಯಲ್ಲಿ ಅವನು ಬಾಗಲಿಲ್ಲವೆಂಬುದು ಸುಳ್ಳಲ್ಲ. ಧರ್ಮ ಬಿಟ್ಟೆ ಎಂದು ರುಜು ಹಾಕಿದರೆ ನೆಲದ ಮೇಲಿನ ಕೆಲಸ ಕೊಡುತ್ತೇವೆ ಎಂದಾಗ ಅವನು ಹಾಕಲಿಲ್ಲ. ದಾರಕ್ಕೆ ಗಂಟು ಹಾಕಿ ಜಪಮಾಲೆ ಮಾಡಿಕೊಂಡದ್ದಕ್ಕೆ ಮಂಜಿನಲ್ಲಿ ಕಂಬಕ್ಕೆ ಕಟ್ಟಿದರು, ಬಿಚ್ಚಿದ ಮೇಲೆ ಇನ್ನೊಂದು ಮಾಡಿಕೊಂಡ. ಜೊತೆಯಿದ್ದವರು ಊರೂರಿಗೆ ಅದನ್ನು ಹೇಳಿದ್ದರು. ಒಮ್ಮೆ ಬಾಗಿದ್ದಕ್ಕೆ ದಂಡ ತೆರುವವನ ಹಾಗೆ ಅವನು ನೆಟ್ಟಗೆ ನಿಂತಿದ್ದ ಎಂಬುದು ಅವರಿಗೆಲ್ಲಿಂದ ಗೊತ್ತಾಗಬೇಕು?

ಬಾಗಿಲಲ್ಲಿ ನೆರಳಾಡಿತು. ಜೆಫ್ ನಿಂತಿದ್ದ.

"ಯೇಸುಕ್ರಿಸ್ತನಿಗೆ ಸ್ತುತಿ," ಎಂದ.

ಎಂದೆಂದಿಗೂ ಎಂದು ಮನೆಯವರು ಮರುಮಾತು ಹೇಳಬೇಕು. ತೊನಿನ್ ಒಬ್ಬನೇ, ಗಂಟಲೊಳಗೆ, ಹೇಳಿದ.

ಹದಿನೈದು ವರ್ಷವಾಗಿತ್ತು ಜೆಫ್ ಬೇರೆಯವರ ಮನೆಯ ಹೊಸ್ತಿಲು ತುಳಿದು. ಕೋಟಿನ ಗುಂಡಿಗಳನ್ನೆಲ್ಲ ಹಾಕಿಕೊಂಡಿದ್ದ, ಗಡ್ಡ ಹೆರೆಸಿದ್ದ. ಬಾಗಿಲ ಬಳಿಯೇ ಕೂತ.

"ಹೆಚ್ಚು ಹೊತ್ತು ಕೂರಲ್ಲ. ನಾಳೆ ವಿತೋರೆನ ಪೂಜೆಗೆ ಕರ್ಕೊಂಡ್ ಬರ್ಬೇಕು ಅಂತಿದೀನಿ. ನಂಗೆ ಯಾರೇನಂದ್ರೂ ನಡಿಯುತ್ತೆ. ಹುಡುಗಿ ಮುಂದೆ ಬಾಗಲಲ್ಲಿ ಏನಾದ್ರೂ ಅಂದ್ಬಿಟ್ರೆ... ಅದಕ್ಕೆ ಮುಂಚೇನೇ ಕೇಳ್ಕೊಂಡ್ ಹೋಗೋಣ ಅಂತ."

"ಚರ್ಚು ನಮ್ಮಪ್ಪಂದಲ್ಲ," ಎಂದ ಮಾರಾಷ್. "ಬರ್ಬಹುದು. ಹಿಂದುಗಡೆ ನಿಂತ್ಕೊಳಿ."

ಆ ಬೆಟ್ಟಗಳಲ್ಲಿ ಮರ್ಯಾದಸ್ಥನಿಗೆ ಕಾಫಿಯನ್ನು ಎದೆಯ ಎತ್ತರಕ್ಕೆ ಹಿಡಿದು ಕೊಡುತ್ತಾರೆ. ಮಾತಿಗೆ ತಪ್ಪಿದವನಿಗಾದರೆ ಎಡಗಾಲನ್ನು ತುಸು ಎತ್ತಿ, ಮಂಡಿಯ ಕೆಳಗಿನಿಂದ ಬಟ್ಟಲನ್ನು ತಳ್ಳುತ್ತಾರೆ. ಬೈಗುಳದ ಖರ್ಚಿಲ್ಲ. ಮಾರಾಷ್ ತಾಮ್ರದ ಗಿಂಡಿಯಿಂದ ಬಟ್ಟಲಿಗೆ ಬಗ್ಗಿಸಿದ, ಕಾಲೆತ್ತಿದ, ತಳ್ಳಿದ. ಎಲ್ಲರೂ ತಂಬಾಕು ಸುತ್ತುವುದರಲ್ಲಿ ಮುಳುಗಿದಂತೆ ತಲೆ ಬಗ್ಗಿಸಿದರು.

ಜೆಫ್ ಬಟ್ಟಲು ಎತ್ತಿಕೊಂಡ. ಕುಡಿಯಲಿಲ್ಲ. ಇಡಲೂ ಇಲ್ಲ.

ಹಿಂದೆ ಇದೇ ಕೋಣೆಯಲ್ಲಿ ಅವನು ಕುಡಿದುಬಿಟ್ಟಿದ್ದ. ದೀಲಾ ಜೈಲಿಗೆ ಹೋದ ವರ್ಷವೇ ಅವಳ ತಾಯಿ ಸತ್ತಳು. ಆ ಸಾವಿಗೆ ಬಂದ ಜೆಫ್‌ಗೆ ಮಾರಾಷ್ ಹೀಗೇ ತಳ್ಳಿದ. ಅವಮಾನವೆಂದು ಬಟ್ಟಲನ್ನು ನೂಕಿದ್ದರೆ ತಾನಲ್ಲ ಎಂದಂತಾಗುತ್ತಿತ್ತು. ಆದರೆ ಸಾವಿನ ಮನೆಯ ಕಾಫಿಯನ್ನು ಬೇಡವೆಂದರೆ ಸತ್ತವಳಿಗೆ ಬೆನ್ನು ತಿರುಗಿಸಿದಂತೆ. ಜೆಫ್ ಸತ್ತವಳ ಮುಖ ನೋಡಿ ಕುಡಿದ. ಒಪ್ಪಿಕೊಂಡ, ಎಂದಿತು ಊರು. ಅವನ ಹೆಂಡತಿಗೆ ಬಾವಿಕಟ್ಟೆಯಲ್ಲಿ ಮಾತು ನಿಂತಿತು. ವಿತೋರೆಗೆ ಹದಿನಾರಾದರೂ ಒಂದು ಮನೆಯಿಂದಲೂ ಹೆಣ್ಣು ಕೇಳಲಿಲ್ಲ. ಗಣಿಯಿಂದ ಬಂದ ವಾರವೇ ಇದೆಲ್ಲ ತೊನಿನ್‌ನ ಕಿವಿಗೆ ಬಿತ್ತು. ಕುಯ್ಲು ಮುಗಿಯಲಿ ಹೇಳುತ್ತೇನೆ ಎಂದುಕೊಂಡ. ಹಿಮ ಕರಗಲಿ ಎಂದುಕೊಂಡ. ಅಷ್ಟರಲ್ಲಿ ಮುದುಕಿಯರು ಅವನ ಕೈಗೆ ಮುತ್ತಿಡತೊಡಗಿದ್ದರು.

"ಮಾರಾಷ್," ಎಂದ ತೊನಿನ್. "ಆ ಬಟ್ಟಲು ಅವನದಲ್ಲ."

"ಏನಣ್ಣಾ?"

"ದೀಲಾ ಹೆಸರು ಹೇಳ್ದೋನು ನಾನು. ಪ್ರೆಂಗ್‌ದೂ ನಾನೇ ಹೇಳ್ದೆ. ಆ ತೀರ್ಕೊಂಡೋನ್ದೂ. ಜೆಫ್ ಹೆಸರೊಂದು ಬಿಟ್ಟೆ."

ಪ್ರೆಂಗ್‌ನ ಕಣ್ಣಲ್ಲಿ ನೀರು ಬಂತು.

"ನೋಡಿದ್ರಾ? ಸಂತ್ರು ಅಂದ್ರೆ ಹಿಂಗೇ," ಎಂದ. "ಊರಿನ ಪಾಪ ತೆಗ್ದು ತನ್ ಹೆಗಲಿಗೆ ಹಾಕ್ಕೊಳೋದು. ಹಬ್ಬದ ಹಿಂದಿನ ದಿನ ಬೇರೆ. ತಗೋ ತೊನಿನಣ್ಣಾ, ಒಂದು ಸೇದು." ತಂಬಾಕಿನ ಡಬ್ಬಿಯನ್ನು ಚಾಚಿದ.

"ತಮಾಷೆ ಅಲ್ಲ ಪ್ರೆಂಗ್."

"ತಮಾಷೆ ಅಂದೋರ್ಯಾರು? ಜೆಫ್ ಮೇಲೆ ಕನಿಕರ ಪಟ್ಟೆ, ನಿನ್ನ ದೊಡ್ಡತನ. ಅದಕ್ಕೇನ್ ಸುಳ್ ಹೇಳ್ಬೇಕಾ?"

ಒಬ್ಬ ಎದ್ದು ಬಂದು ತೊನಿನ್‌ನ ಭುಜಕ್ಕೆ ಮುತ್ತಿಟ್ಟ. ಎರಡು ವರ್ಷ ಒಳಗೇ ಬಚ್ಚಿಟ್ಟು ಕಾದ ಮಾತನ್ನು ಕಡೆಗೂ ಹೊರಗಿಟ್ಟರೆ, ಅದೂ ಕಿರೀಟವಾಗಿ ತಲೆಗೇ ಬಂದು ಕೂತಿತ್ತು. ಇಷ್ಟಕ್ಕೇ ಬಿಡಬಹುದಿತ್ತು. ಹೇಳಿದ್ದಾಯಿತಲ್ಲ, ನಂಬದಿದ್ದರೆ ಅವರ ಪಾಡು. ಹಾಗೆ ತನಗನ್ನಿಸಿತೆಂಬುದೇ ಅವನಿಗೆ ಹೇಸಿಗೆಯಾಯಿತು.

ಅಡುಗೆಮನೆಯ ಕಡೆಯ ಬಾಗಿಲಿಂದ ದೀಲಾ ಒಳಬಂದಳು. ಹೆಂಗಸರು ಆ ಕೋಣೆಗೆ ಬರುವ ವಾಡಿಕೆಯಿಲ್ಲ. ಹತ್ತು ವರ್ಷ ಜೈಲು ಕಂಡವಳಿಗೆ ಆ ವಾಡಿಕೆಯನ್ನು ನೆನಪಿಸುವ ಧೈರ್ಯ ಯಾರಿಗೂ ಇರಲಿಲ್ಲ. ಒದ್ದೆ ಕೈಯನ್ನು ಸೊಂಟಕ್ಕೆ ಕಟ್ಟಿದ ಬಟ್ಟೆಗೆ ಒರೆಸಿಕೊಳ್ಳುತ್ತ ತೊನಿನ್‌ನ ಎದುರಿಗೆ ನಿಂತಳು.

"ತೊನಿನಣ್ಣಾ, ಹೆಸ್ರು ಮಾತ್ರ ಹೇಳ್ದೋ, ಇನ್ನೇನಾದ್ರೂ ಹೇಳ್ದೋ?"

ಇದೊಂದನ್ನು ಯಾರೂ ಕೇಳಲಾರರು ಎಂದುಕೊಂಡಿದ್ದ.

"ಆರು ದಿನ ಗೋಡೆ ಕಡೆ ಮುಖ ಮಾಡಿಸಿ ನಿಲ್ಸಿದ್ರು," ಎಂದ. "ಏಳನೇ ದಿನ ಹಾಸಿಗೆ ತೋರ್ಸಿದ್ರು. ಹೆಸ್ರು ಹೇಳಿ ಮಲಗಿದೆ. ಎದ್ಮೇಲೆ ಆಫೀಸರು ಸೂಪು ಕೊಟ್ಟ, ಸಿಗರೇಟು ಕೊಟ್ಟ. ಹೆಂಗ್ ಮಾಡ್ತಾಳೆ ಆ ಹೆಂಗಸು, ತೋರ್ಸು ಅಂದ. ತೋರ್ಸಿದೆ."

"ಏನ್ ತೋರ್ಸಿದೆ?"

"ಚಳಿಗಾಲದಲ್ಲಿ ನೀರು ಕೊರೆಯುತ್ತೆ ಅಂತ ನೀನು... ಮೊದ್ಲು ಬಾಯಲ್ಲಿ ತುಂಬ್ಕೊಂಡು ಬೆಚ್ಚಗೆ ಮಾಡ್ತಿದ್ದೆ. ಆಮೇಲೆ ಅಂಗೈಗೆ ಬಿಟ್ಕೊಂಡು ಮಗು ತಲೆಗೆ ಹಾಕ್ತಿದ್ದೆ. ಕೆನ್ನೆ ಉಬ್ಬಿಸ್ಕೊಂಡು ಕೂತಿರ್ತಿದ್ಯಲ್ಲ, ಅದನ್ನ ಮಾಡಿ ತೋರ್ಸಿದೆ. ಅವನು ನಕ್ಕ. ಅವನು ನಕ್ನಲ್ಲ ಅಂತ ಇನ್ನೊಂದ್ ಸಲ ಮಾಡ್ದೆ."

ಮಾರಾಷ್ ತಂಗಿಯ ಮುಖ ನೋಡಿದ. ಅಲ್ಲಿ ಕಂಡದ್ದರಿಂದ ಅವನ ಕೈಯಲ್ಲಿದ್ದ ಗಿಂಡಿ ಕೆಳಗಿಳಿಯಿತು.

"ಆ ಆಫೀಸರು ದಿನಾ ಬೆಳಿಗ್ಗೆ ಬಂದು ನನ್ ತಲೆ ಮೇಲೆ ಉಗುಳ್ತಿದ್ದ," ಎಂದಳು, ಯಾರಿಗೂ ಅಲ್ಲದಂತೆ. "ಜ್ಞಾನಸ್ನಾನ ಆಯ್ತು ಏಳು ಅಂತಿದ್ದ. ನಾನಿದನ್ನ ಯಾರಿಗೂ ಹೇಳಿಲ್ಲ. ನಮ್ಮಣ್ಣಂಗೂ ಹೇಳಿಲ್ಲ. ಜೆಫ್ ಹೊರಗೆ ನಿಂತಿದ್ನಲ್ಲ, ಬಾಗಿಲ ಸಂದಿಂದ ನೋಡಿರ್ಬೇಕು ಅಂದ್ಕೊಂಡೆ."

ಪ್ರೆಂಗ್‌ನ ಕೈ ಇನ್ನೂ ಡಬ್ಬಿ ಹಿಡಿದು ಚಾಚಿಯೇ ಇತ್ತು. ಅವನು ಅದನ್ನು ನೋಡಿಕೊಂಡು, ಮುಚ್ಚಳ ಹಾಕಿ, ಜೇಬಿಗಿಳಿಸಿದ.

"ಒಂದು ಹೇಳು," ಎಂದಳು ದೀಲಾ. ಅವಳ ದನಿ ಈಗ ಇನ್ನೂ ತಗ್ಗಿತ್ತು. "ನಿಂಗೆ ಚರ್ಚಿನ ಕಟ್ಟಳೆ ಗೊತ್ತು. ಬಾಯಿ ನೀರಾಗಿತ್ತಲ್ಲ, ಅದು ಸಲ್ಲುತ್ತಾ? ಆ ಮಕ್ಳು ಕ್ರೈಸ್ತರು ಹೌದಾ ಅಲ್ವಾ? ಹತ್ತು ವರ್ಷ ಗೋಡೆ ನೋಡ್ಕೊಂಡು ಅದನ್ನೇ ಕೇಳ್ಕೊಂಡೆ. ಬರೀ ಉಗುಳು ಅದು ಅಂದ್ನಲ್ಲ ಅವನು."

"ಸಲ್ಲುತ್ತೆ. ಅದು ನೀರೇ ದೀಲಾ. ನಂಗೆ ಅವತ್ತೂ ಗೊತ್ತಿತ್ತು."

ಅವಳು ತಲೆಯಾಡಿಸಿದಳು. ತಿರುಗಿ ಹೋದಳು. ಅಡುಗೆಮನೆಯಲ್ಲಿ ಪಾತ್ರೆ ತೊಳೆಯುವ ಸದ್ದು ಮತ್ತೆ ಶುರುವಾಗಲಿಲ್ಲ.

ಜೆಫ್ ಬಟ್ಟಲನ್ನು ನೆಲಕ್ಕಿಟ್ಟ. ಚೆಲ್ಲದ ಹಾಗೆ, ಮೆಲ್ಲಗೆ.

"ನನ್ನನ್ಯಾಕೆ ಬಿಟ್ಟೆ?" ಎಂದ.

"ವಿತೋರೆಗೆ ಆಗಿನ್ನೂ ಇಪ್ಪತ್ತು ದಿನ. ಅವಳು ಕೈಯಲ್ಲಿ ಇದ್ದಿದ್ದು ಇನ್ನೂ ಹಂಗೇ ಅನ್ಸ್ತಿತ್ತು. ಒಬ್ಬನ್ನಾದ್ರೂ ಉಳಿಸ್ದೆ ಅಂತ..."

"ಹೇಳ್ಬಿಡ್ಬೇಕಿತ್ತು ಕಣಯ್ಯಾ. ಮೂರು ವರ್ಷ ಒಳಗಿದ್ದು ಬಂದಿರ್ತಿದ್ದೆ, ಪ್ರೆಂಗ್ ತರ. ನಂಗೂ ತಂಬಾಕು ಕೊಡ್ತಿದ್ರು." ಜೆಫ್ ನಗಲಿಲ್ಲ, ಗದರಲಿಲ್ಲ. ಎಮ್ಮೆಯ ವ್ಯಾಪಾರ ಮಾತಾಡುವವನ ಹಾಗೆ ಹೇಳಿದ. "ಇಲ್ಲಿರೋರು ಹತ್ತು ಜನ. ಊರಲ್ಲಿ ಮೂವತ್ತೊಂದು ಮನೆ. ನಾಳೆ ಯಾರೋ ಒಬ್ಬ, ಜೆಫ್ ಆ ಮುದುಕನ ಕಾಲು ಹಿಡಿದು ಹಿಂಗ್ ಹೇಳ್ಸಿದ ಅಂತಾನೆ. ಕತ್ತಲಾಗೋಕ್ ಮುಂಚೆ ಮನೆಮನೆಗೂ ಬಂದು ನೀನೇ ಹೇಳ್ಬೇಕು. ನಾನು ಹಿಂದೆ ನಿಂತಿರ್ತೀನಿ."

"ಬರ್ತೀನಿ."

"ಜೆಫ್," ಎಂದ ಮಾರಾಷ್. ಮಂಡಿ ಕೆಳಗೆ ತಳ್ಳಿದ್ದನ್ನು ಹಿಂತೆಗೆಯುವುದು ಹೇಗೆಂದು ಹಿರಿಯರು ಯಾವ ಕಟ್ಟಳೆಯನ್ನೂ ಮಾಡಿಟ್ಟಿರಲಿಲ್ಲ. ಜೆಫ್ ಅವನಿಗಾಗಿ ಕಾಯಲೂ ಇಲ್ಲ.

ಮೊದಲ ಮನೆಯಲ್ಲಿ ತೊನಿನ್ ನಿಂತೇ ಹೇಳಿದ. ಗಂಡ ಹೆಂಡತಿ ಇಬ್ಬರೂ ಕೇಳಿಸಿಕೊಂಡು ಬಾಗಿಲು ಹಾಕಿಕೊಂಡರು. ಎರಡನೆಯ ಮನೆಯಲ್ಲಿ ಮುದುಕಿಯೊಬ್ಬಳು ಅವನು ಬಾಯಿ ತೆರೆಯುವ ಮೊದಲೇ ಕೈಹಿಡಿದು ಮುತ್ತಿಟ್ಟಳು. ಹೇಳಿ ಮುಗಿಸಿದ ಮೇಲೆ ಆ ತುಟಿಗಳನ್ನು ಅವಳು ಬಟ್ಟೆಯಿಂದ ಉಜ್ಜಿಕೊಳ್ಳುವುದನ್ನು ನೋಡಿದ. ಹೇಳುತ್ತ ಹೋದರೆ ಹಗುರವಾಗಬಹುದೆಂದು ಅವನು ನಂಬಿದ್ದ. ಆಗಲಿಲ್ಲ. ಪ್ರತಿ ಹೊಸ್ತಿಲಲ್ಲೂ ಅದು ಹೊಸದಾಗಿಯೇ ಶುರುವಾಗುತ್ತಿತ್ತು.

ಐದನೆಯ ಮನೆಯಲ್ಲಿ ತುಂಬಿದ ಸಂಸಾರ. ಹಬ್ಬಕ್ಕೆ ಮೊಟ್ಟೆಗೆ ಕೆಂಪು ಬಣ್ಣ ಹಾಕುತ್ತಿದ್ದವರೆಲ್ಲ ಕೈ ಬಿಟ್ಟು ಎದ್ದು ನಿಂತರು. ಮನೆಯ ಯಜಮಾನ ಒಳಗೆ ಬಾ, ಮೇಲೆ ಕೂರು ಎಂದ. ತೊನಿನ್ ಕೂರಲಿಲ್ಲ.

"ಎಪ್ಪತ್ತೈದರಲ್ಲಿ ನನ್ನ ಹಿಡ್ಕೊಂಡ್ ಹೋದ್ರಲ್ಲ," ಎಂದು ಶುರುಮಾಡಿದ. "ಆರು ದಿನ ನಿದ್ದೆ ಕೊಡ್ಲಿಲ್ಲ. ಕಾಲು ಊದಿ ಹೆಂಗಾಗಿತ್ತು ಅಂದ್ರೆ, ಬೂಟು..."

"ತೊನಿನ್," ಎಂದ ಜೆಫ್ ಹಿಂದಿನಿಂದ. "ಅದು ಬೇಡ. ವಿಷಯ ಹೇಳು."

ತೊನಿನ್‌ನ ಮುಖ ಕಿವಿಯವರೆಗೂ ಉರಿಯಿತು. ಯಜಮಾನ ಒಮ್ಮೆ ಇವನನ್ನು, ಒಮ್ಮೆ ಜೆಫ್‌ನನ್ನು ನೋಡುತ್ತಿದ್ದ. ತೊನಿನ್ ಟೋಪಿ ತೆಗೆದು ಕೈಯಲ್ಲಿ ಹಿಡಿದ.

"ದೀಲಾ ಹೆಸರು ಹೇಳ್ದೋನು ನಾನು," ಎಂದ.