ನಲವತ್ತಾರಕ್ಕೆ ಬರುವ ಕರೆ

ಅವಳಿಗೆ ಕತ್ತರಿ ಎಂದು ಹೆಸರಿಟ್ಟವನು ಅವಳ ಗಂಡ. ಹನ್ನೆರಡು ವರ್ಷ ಫೋನ್ ಕಂಪನಿಯ ಬಿಲ್ ವಿಭಾಗದಲ್ಲಿ ಕುಳಿತು, ಗಿರಾಕಿಗಳ ಬೈಗುಳವನ್ನೆಲ್ಲ ಕಿವಿಗೆ ಹಾಕಿಕೊಂಡವಳು ಅವಳು. ಯಾರು ಯಾವುದಕ್ಕೆ ಸುಮ್ಮನೆ ಹಣ ಕಟ್ಟುತ್ತಿದ್ದಾರೆ ಎಂಬುದು ಅವಳಿಗೆ ಕಣ್ಣು ಮುಚ್ಚಿಕೊಂಡರೂ ಗೊತ್ತಾಗುತ್ತಿತ್ತು. ಆದರೆ ಅವರಾಗಿ ಕೇಳದ ಹೊರತು ಕಡಿಮೆ ದರದ ಯೋಜನೆಯ ಸುದ್ದಿ ಎತ್ತಬಾರದು ಎಂದು ಮೇಲಿನವರ ಕಟ್ಟಪ್ಪಣೆ. ಹನ್ನೆರಡು ವರ್ಷ ಬಾಯಿಗೆ ಬೀಗ ಹಾಕಿಕೊಂಡಿದ್ದವಳು ಒಂದು ದಿನ ರಾಜೀನಾಮೆ ಬರೆದುಕೊಟ್ಟು ಬಂದಳು. ಆಮೇಲೆ ಅಂಗಡಿ, ಕಾರ್ಖಾನೆ, ಆಫೀಸುಗಳಿಗೆ ಹೋಗಿ ಅವರ ಫೋನ್ ಖರ್ಚನ್ನು ಇಳಿಸಿಕೊಡುವುದನ್ನೇ ಕಸುಬು ಮಾಡಿಕೊಂಡಳು. ಮುಂಗಡವಾಗಿ ಏನನ್ನೂ ತೆಗೆದುಕೊಳ್ಳುತ್ತಿರಲಿಲ್ಲ. ಮೊದಲ ವರ್ಷ ಎಷ್ಟು ಉಳಿಯುತ್ತದೋ ಅದರಲ್ಲಿ ಅವಳಿಗೊಂದು ಪಾಲು, ಅಷ್ಟೆ.

ಮನೆಯಲ್ಲಿ ಅತ್ತೆಗೆ ಈ ಕಸುಬು ತಲೆಗೇ ಹತ್ತಿರಲಿಲ್ಲ. ಊಟದ ಮೇಜಿನ ತುಂಬ ಹರಡಿದ ಕಾಗದಗಳನ್ನು ಒತ್ತರಿಸಿ ತಟ್ಟೆ ಇಡುವಾಗಲೆಲ್ಲ, ಬೇರೆಯವರ ಫೋನ್ ಬಿಲ್ ಓದುವುದಕ್ಕೂ ಯಾರಾದರೂ ಸಂಬಳ ಕೊಡುತ್ತಾರೆಯೇ ಎಂದು ಕೇಳುತ್ತಿದ್ದರು. ಸೊಸೆ ನಕ್ಕುಬಿಡುತ್ತಿದ್ದಳು. ಕೊಡುವವರು ಆಗಿನ್ನೂ ನಾಲ್ಕೇ ಜನ ಇದ್ದರು.

ಐದನೆಯದಾಗಿ ಸಿಕ್ಕಿದ್ದು ಟ್ಯಾಕ್ಸಿ ಕಂಪನಿ. ನಲವತ್ತು ಕಾರು, ಹದಿನಾಲ್ಕು ಫೋನ್ ಲೈನು, ಹಳೆಯ ಕಟ್ಟಡದ ಕೆಳಮಹಡಿಯಲ್ಲಿ ಆಫೀಸು. ಅದರ ಯಜಮಾನರು ಬಾಗಿಲು ತುಂಬುವಂಥ ಆಳು. ಯಾರು ಏನು ಕೇಳಿದರೂ ಅವರ ಬಾಯಿಂದ ಬರುತ್ತಿದ್ದುದು "ನೋಡೋಣ" ಎಂಬ ಒಂದೇ ಮಾತು. ರಜೆ ಕೇಳಿದರೂ ನೋಡೋಣ, ಹೊಸ ಟೈರು ಕೇಳಿದರೂ ನೋಡೋಣ. ಹಾಗಾಗಿ ಚಾಲಕರೆಲ್ಲ ಬೆನ್ನ ಹಿಂದೆ ಅವರನ್ನು ನೋಡೋಣ ಸಾಹೇಬರು ಎಂದೇ ಕರೆಯುತ್ತಿದ್ದರು.

ಕತ್ತರಿ ತನ್ನ ವಿಷಯ ಹೇಳಿ ಮುಗಿಸಿದಾಗಲೂ ಅವರು ನೋಡೋಣ ಎಂದರು. ಅವರ ಅನುಮಾನಕ್ಕೆ ಕಾರಣವಿತ್ತು. ಎರಡು ವರ್ಷದ ಹಿಂದೆ ಘಮಘಮ ಅತ್ತರು ಪೂಸಿಕೊಂಡ ಒಬ್ಬ ಮನುಷ್ಯ ಬಂದು, ಅರ್ಧಕ್ಕರ್ಧ ಖರ್ಚು ಇಳಿಸುತ್ತೇನೆಂದು ಮಾತಿನಲ್ಲೇ ಮಂಟಪ ಕಟ್ಟಿ, ಇದ್ದ ವ್ಯವಸ್ಥೆಯನ್ನೆಲ್ಲ ಬುಡಮೇಲು ಮಾಡಿ ಹೋಗಿದ್ದ. ಎರಡು ದಿನ ಆಫೀಸಿನಲ್ಲಿ ಒಂದು ಫೋನೂ ಉಸಿರೆತ್ತಲಿಲ್ಲ. ನಲವತ್ತು ಕಾರು ಸಾಲಾಗಿ ನಿಂತು ಧೂಳು ತಿಂದವು. ಆ ಮನುಷ್ಯನ ಫೋನ್ ಮಾತ್ರ ಮೂರನೆಯ ದಿನಕ್ಕೂ ಸ್ವಿಚ್ ಆಫ್ ಆಗಿತ್ತು.

ಕತ್ತರಿ ಹನ್ನೆರಡು ತಿಂಗಳ ಬಿಲ್ಲು ಕೇಳಿದಳು. ಅವರು ಉಕ್ಕಿನ ಬೀರುವಿನಿಂದ ಒಂದೇ ಒಂದು ತಿಂಗಳದ್ದನ್ನು ತೆಗೆದುಕೊಟ್ಟು, ಬೀಗದ ಕೈಯನ್ನು ಮತ್ತೆ ಜೇಬಿಗೆ ಹಾಕಿಕೊಂಡರು. ಮೊದಲು ಇದರಲ್ಲಿ ಏನು ಸಿಗುತ್ತದೋ ತೋರಿಸಿ ಎಂಬುದು ಅದರ ಅರ್ಥ.

ಆಫೀಸಿನ ಇನ್ನೊಂದು ತುದಿಯಲ್ಲಿ, ಫೋನ್ ಬೋರ್ಡಿನ ಮುಂದೆ, ಎಲ್ಲರೂ ಬೋರ್ಡಮ್ಮ ಎಂದು ಕರೆಯುವ ಹೆಂಗಸು ಕುಳಿತಿರುತ್ತಿದ್ದರು. ಬಂದ ಕರೆಗಳನ್ನೆಲ್ಲ ತೆಗೆದುಕೊಂಡು ಕಾರು ಕಳಿಸುವ ಕೆಲಸ ಅವರದು. ಅವರು ಆ ಕುರ್ಚಿಯಲ್ಲಿ ಮೂವತ್ತೊಂದು ವರ್ಷದಿಂದ ಇದ್ದರು. ಕತ್ತರಿ ನಮಸ್ಕಾರ ಹೇಳಿದರೆ ತಲೆ ಅಲುಗಿಸಿದರು, ಅಷ್ಟೆ. ಯಾವ ಲೈನು ಯಾವುದಕ್ಕೆ ಎಂದು ಕೇಳಿದರೆ, ಎಲ್ಲಾ ಫೋನಿಗೇ ಎಂದರು.

ಅವಳು ಆ ಒಂದೇ ಬಿಲ್ಲನ್ನು ಮನೆಗೆ ತಂದು ಸಾಲು ಸಾಲಾಗಿ ಓದಿದಳು. ಮರುದಿನವೇ ಒಂದು ಎಳೆ ಸಿಕ್ಕಿತು. ನಲವತ್ತಾರು ಎಂಬ ಅಂಕೆಯಿಂದ ಮುಗಿಯುವ ಒಂದು ಲೈನಿನಿಂದ ಇಡೀ ತಿಂಗಳಲ್ಲಿ ಹೊರಹೋದ ಕರೆ ನಾಲ್ಕೇ ನಾಲ್ಕು, ನಾಲ್ಕೂ ಒಂದೇ ನಂಬರಿಗೆ. ಬಾಡಿಗೆ ಮಾತ್ರ ಉಳಿದ ಲೈನುಗಳಷ್ಟೇ. ಸೋಮವಾರ ಎರಡು ಸಲ ಆ ನಲವತ್ತಾರರ ಲೈನಿಗೇ ಫೋನ್ ಮಾಡಿ ನೋಡಿದಳು. ಅದು ಬಡಿದುಕೊಂಡು ಬಡಿದುಕೊಂಡು ಸುಮ್ಮನಾಯಿತು. ಆಫೀಸಿನಲ್ಲಿ ಆ ಲೈನಿಗೆ ಫೋನೇ ಇರಲಿಲ್ಲ. ಯಜಮಾನರನ್ನು ಕೇಳಿದರೆ ಅವರಿಗೂ ನೆನಪಿಲ್ಲ. ದಿಕ್ಕುದೆಸೆಯಿಲ್ಲದ ಲೈನು, ಮೊದಲು ಕಿತ್ತುಹಾಕಬೇಕಾದದ್ದು ಇದೇ ಎಂದು ಅವಳು ಬರೆದುಕೊಟ್ಟಳು.

ಬುಧವಾರ ಯಜಮಾನರು ಆ ಹಾಳೆಯನ್ನು ಎರಡು ಸಲ ಓದಿದರು. ಒಂದು ಸಲ ಅವಳ ಮುಖ ನೋಡಿದರು. ಆಮೇಲೆ ನೋಡೋಣ ಎನ್ನದೆ ಪೆನ್ನು ತೆಗೆದು ಲೈನು ರದ್ದು ಮಾಡುವ ಪತ್ರಕ್ಕೆ ರುಜು ಹಾಕಿಬಿಟ್ಟರು. ಕತ್ತರಿಗೆ ಕಾಲು ನೆಲಕ್ಕೆ ತಾಗಲಿಲ್ಲ. ಪತ್ರವನ್ನು ಚೀಲದಲ್ಲಿಟ್ಟುಕೊಂಡು ಹೊರಟವಳು, ಒಂದು ಸೌಜನ್ಯಕ್ಕೆಂದು ಬೋರ್ಡಮ್ಮನಿಗೆ ಹೇಳಿ ಹೋಗೋಣವೆಂದು ಅವರ ಮೇಜಿನ ಬಳಿ ನಿಂತಳು. ಅವರು ಫೋನಿನಲ್ಲಿದ್ದರು. ಅವಳು ಕಾದಳು.

ಆಗ ಬೋರ್ಡಮ್ಮನ ಬೆನ್ನ ಹಿಂದಿದ್ದ ಚಿಕ್ಕ ಕಿಟಕಿಯನ್ನು ಯಾರೋ ಹೊರಗಿನಿಂದ ತಟ್ಟಿದರು. ಕಿಟಕಿ ತೆರೆದುಕೊಂಡಿತು. ಒಂದು ಬೋಳು ತಲೆ, ಅದರ ಪಕ್ಕದಲ್ಲಿ ಸೋಪಿನ ನೊರೆ ಹತ್ತಿದ ಒಂದು ಬ್ರಷ್ಷು ಕಾಣಿಸಿದವು.

"ಕಣ್ಣಾಸ್ಪತ್ರೆ ಹಿಂದಿನ ಗೇಟು. ಒಬ್ಬ ಅಜ್ಜಿ, ಜೊತೇಲಿ ಮಗಳು. ಮೆಟ್ಟಿಲ ತನಕ ಗಾಡಿ ಬರಬೇಕಂತೆ," ಎಂದಿತು ತಲೆ. ಕಿಟಕಿ ಮುಚ್ಚಿಕೊಂಡಿತು.

ಬೋರ್ಡಮ್ಮ ಏನೂ ನಡೆದೇ ಇಲ್ಲ ಎಂಬಂತೆ ಇನ್ನೊಂದು ಕೈಯಲ್ಲಿ ವೈರ್‌ಲೆಸ್ ಎತ್ತಿಕೊಂಡು ಒಂದು ಕಾರನ್ನು ಕಣ್ಣಾಸ್ಪತ್ರೆಗೆ ಕಳಿಸಿದರು.

ಯಾರು ಅದು ಎಂದು ಕತ್ತರಿ ಕೇಳಿದಳು. ಪಕ್ಕದ ಕಟಿಂಗ್ ಶಾಪಿನವರು ಎಂದರು ಬೋರ್ಡಮ್ಮ. ಅವರ ಫೋನಿಗೂ ಜನ ಟ್ಯಾಕ್ಸಿ ಕೇಳಿ ಕರೆ ಮಾಡುತ್ತಾರಂತೆ, ಪಾಪ ಅವರು ಬಂದು ಹೇಳಿ ಹೋಗುತ್ತಾರಂತೆ. ಎಷ್ಟು ದಿನದಿಂದ? ಗೋಡೆ ಕಟ್ಟಿದಾಗಿನಿಂದ, ಒಂಬತ್ತು ವರ್ಷ ಆಗಿರಬಹುದು.

"ಅವರ ನಂಬರು ಯಾವುದು ಬೋರ್ಡಮ್ಮ?"

"ಕೊನೇಲಿ ನಲವತ್ತಾರು. ಮೊದಲು ನಮ್ಮದೇ ಆಗಿತ್ತು, ಗೋಡೆ ಕಟ್ಟಿದ ಮೇಲೆ ಅವರದಾಯ್ತು. ಯಾಕೆ?"

ಕತ್ತರಿ ಚೀಲದಲ್ಲಿದ್ದ ಪತ್ರವನ್ನು ಮುಟ್ಟಿ ನೋಡಿಕೊಂಡಳು. ಚೀಲ ಹೆಗಲಿಗೇರಿಸಿ ಸೀದಾ ಪಕ್ಕದ ಅಂಗಡಿಗೆ ಹೋದಳು. ಎರಡು ಕುರ್ಚಿ, ಉದ್ದನೆಯ ಕನ್ನಡಿ, ಕನ್ನಡಿಯ ಪಕ್ಕದ ಗೋಡೆಯಲ್ಲಿ ಕೆನೆಬಣ್ಣದ ಒಂದು ಹಳೆಯ ಫೋನು. ಸೋಮವಾರ ಅಂಗಡಿಗೆ ರಜಾ ಎಂದು ಬಾಗಿಲ ಮೇಲೇ ಬರೆದಿತ್ತು.

ಕಟಿಂಗ್ ಶಾಪಿನವರು ಇದ್ದದ್ದನ್ನು ಇದ್ದ ಹಾಗೆ ಹೇಳಿದರು. ಮೊದಲು ಇದೂ ಟ್ಯಾಕ್ಸಿ ಕಂಪನಿಯದೇ ಹಜಾರ. ಕಟ್ಟಡದ ಮಾಲೀಕರು ನಡುವೆ ಗೋಡೆ ಎಬ್ಬಿಸಿ ಈ ಭಾಗವನ್ನು ಇವರಿಗೆ ಬಾಡಿಗೆಗೆ ಕೊಟ್ಟಾಗ ಫೋನು ಗೋಡೆಯ ಈಚೆಗೇ ಉಳಿದಿತ್ತು. ಬಾಡಿಗೆಯ ಜೊತೆಗೆ ಫೋನೂ ಬಂತು ಎಂದುಕೊಂಡರು ಇವರು. ಹಳೆಯ ಗಿರಾಕಿಗಳ ಹತ್ತಿರ ಈ ನಂಬರಿನ ಕಾರ್ಡು ಇದೆಯಂತೆ, ಅವರು ಕರೆ ಮಾಡುತ್ತಲೇ ಇದ್ದಾರೆ. ಅವರಲ್ಲಿ ಹೆಚ್ಚಿನವರು ವಯಸ್ಸಾದವರು. ರಾಂಗ್ ನಂಬರ್ ಎಂದು ಇಟ್ಟುಬಿಡಲು ಮನಸ್ಸಾಗದೆ ಇವರು ಕೇಳಿಕೊಂಡು ಕಿಟಕಿ ತಟ್ಟುತ್ತಾರೆ. ವಾರಕ್ಕೊಮ್ಮೆ ತಮ್ಮ ಮಗಳಿಗೆ ಒಂದು ಫೋನ್ ಮಾಡಿಕೊಳ್ಳುತ್ತಾರೆ.

ಆ ಫೋನಿನ ಬಿಲ್ಲನ್ನು ಇವತ್ತಿಗೂ ಟ್ಯಾಕ್ಸಿ ಕಂಪನಿಯೇ ಕಟ್ಟುತ್ತಿದೆ ಎಂದು ಕತ್ತರಿ ಹೇಳಿದಾಗ ಅವರ ಮುಖ ಬಿಳುಚಿಕೊಂಡಿತು. "ಮೇಡಂ, ಒಂಬತ್ತು ವರ್ಷದ್ದೂ ನಾನೇ ಕಟ್ಟಬೇಕಾ?" ಎಂದು ಕೇಳಿದರು.

ಅದು ತನ್ನ ಕೈಯಲ್ಲಿರುವ ಮಾತಲ್ಲ, ಆದರೆ ಹಾಗಾಗದ ಹಾಗೆ ನೋಡಿಕೊಳ್ಳುತ್ತೇನೆ ಎಂದು ಹೇಳಿ ಕತ್ತರಿ ಖಾಲಿ ಕುರ್ಚಿಯಲ್ಲಿ ಕುಳಿತಳು. ಸಂಜೆಯವರೆಗೂ ಏಳಲಿಲ್ಲ. ಕ್ಷೌರಕ್ಕೆ ಬಂದ ಗಂಡಸರು ಅವಳನ್ನು ಕಂಡು ಬಾಗಿಲಲ್ಲೇ ತಬ್ಬಿಬ್ಬಾಗಿ, ಇನ್ನೊಂದು ಕುರ್ಚಿಗೆ ಹೋಗಿ ಕುಳಿತರು. ಫೋನು ಹನ್ನೊಂದು ಸಲ ಬಡಿಯಿತು. ಅದರಲ್ಲಿ ಒಂಬತ್ತು ಟ್ಯಾಕ್ಸಿಗೆ. ಒಂದು ತಲೆ ಕತ್ತರಿಸಿ ಮುಗಿಸುವುದರೊಳಗೆ ಶಾಪಿನವರು ಎರಡೆರಡು ಸಲ ಕಿಟಕಿಗೆ ಓಡುತ್ತಿದ್ದರು. ಕನ್ನಡಿಯಲ್ಲಿ ತನ್ನ ಮುಖ ನೋಡಿಕೊಳ್ಳುತ್ತ ಅವಳು ತನಗೆ ತಾನೇ ಛೀಮಾರಿ ಹಾಕಿಕೊಂಡಳು. ಬಿಲ್ಲಿನಲ್ಲಿ ಕಾಣುವುದು ಹೊರಹೋದ ಕರೆ ಮಾತ್ರ, ಒಳಬಂದದ್ದಲ್ಲ. ಹನ್ನೆರಡು ವರ್ಷ ಇದನ್ನೇ ಹತ್ತಾರು ಜನರಿಗೆ ಬಿಡಿಸಿ ಹೇಳಿದವಳು ತಾನೇ ಮರೆತಿದ್ದಳು.

ಆ ಸಂಜೆ ಅವಳ ತಲೆಯಲ್ಲಿ ಒಂದು ಹುಳ ಕೊರೆಯದೆ ಇರಲಿಲ್ಲ. ಯಜಮಾನರು ಒಲಿದಿರುವುದು ಈ ಒಂದು ಹಾಳೆಗೆ. ತಪ್ಪಾಯಿತು ಎಂದು ಹೇಳಿದರೆ ಬೀರುವಿನ ಬೀಗ ಶಾಶ್ವತವಾಗಿ ಬಿದ್ದ ಹಾಗೆಯೇ. ಹೇಳದೆ, ಪತ್ರ ಕಳಿಸುವುದನ್ನು ಮರೆತಂತೆ ಸುಮ್ಮನಿದ್ದುಬಿಡಬಹುದು. ಊಟದ ಹೊತ್ತಿಗೆ ಗಂಡ ಏನು ಯೋಚನೆ ಎಂದು ಕೇಳಿದ. ಹೇಳಿದಳು. ಅತ್ತೆ ಅವಳ ತಟ್ಟೆಗೆ ಇನ್ನೊಂದು ಸೌಟು ಬಡಿಸಿದರು.

ಬೆಳಿಗ್ಗೆ ಎಂಟಕ್ಕೆಲ್ಲ ಅವಳು ಯಜಮಾನರ ಎದುರಿಗಿದ್ದಳು. ರುಜು ಹಾಕಿದ ಪತ್ರವನ್ನು ಮೇಜಿನ ಮೇಲಿಟ್ಟಳು.

"ಸಾರ್, ನಾನು ಬರೆದುಕೊಟ್ಟಿದ್ದು ತಪ್ಪು. ಇದನ್ನ ಕಳಿಸೋದು ಬೇಡ. ಇದು ಸತ್ತ ಲೈನ್ ಅಲ್ಲ, ದಿನಕ್ಕೆ ಒಂಬತ್ತು ಬಾಡಿಗೆ ತಂದುಕೊಡ್ತಿದೆ."

ಗೋಡೆ, ಫೋನು, ಕಿಟಕಿ, ಕಣ್ಣಾಸ್ಪತ್ರೆಯ ಅಜ್ಜಿ, ಎಲ್ಲವನ್ನೂ ಹೇಳಿದಳು. ಯಜಮಾನರ ಹುಬ್ಬು ಮೇಲೇರುತ್ತಲೇ ಹೋಯಿತು.

"ಪ್ರತಿ ಶನಿವಾರ ನಾನು ಅದೇ ಕುರ್ಚೀಲಿ ಕೂತು ಮುಖ ಕ್ಷೌರ ಮಾಡಿಸ್ಕೋತೀನಿ," ಎಂದರು ನಿಧಾನವಾಗಿ. "ಫೋನ್ ಬಡೀತಾನೇ ಇರುತ್ತೆ. ಪರವಾಗಿಲ್ಲ, ಇವನ ವ್ಯಾಪಾರ ಜೋರಾಗಿದೆ ಅಂತ ಖುಷಿಪಟ್ಟುಕೊಂಡಿದ್ದೆ."

ಅವರ ದೊಡ್ಡ ದೇಹ ಕುಲುಕತೊಡಗಿತು. ಕೋಪವೋ ಎಂದು ಕತ್ತರಿ ಅಂಜಿದಳು. ಕೋಪವಲ್ಲ, ನಗು. ಕಣ್ಣಲ್ಲಿ ನೀರು ಬರುವಷ್ಟು ನಕ್ಕು, ಕರವಸ್ತ್ರದಲ್ಲಿ ಒರೆಸಿಕೊಂಡು, ಆಮೇಲೆ ಗಂಭೀರವಾದರು.

"ಇದನ್ನ ಕಿತ್ತಿದ್ರೆ ನಿಮಗೆ ಪಾಲು ಬರ್ತಿತ್ತಲ್ಲಮ್ಮಾ."

"ಬರ್ತಿತ್ತು ಸಾರ್."

"ಮತ್ತೆ?"

"ನಿಮ್ಮ ಕಾರು ಕಾಯ್ಕೊಂಡು ಆ ಅಜ್ಜಿ ಗೇಟಲ್ಲೇ ನಿಂತಿರ್ತಿದ್ರು. ಅವರು ಗಾಡಿ ಕೇಳಿದಾಗ ನಾನು ಇಲ್ಲೇ ಇದ್ದೆ, ನಿನ್ನೆ."

ಯಜಮಾನರು ಪತ್ರವನ್ನು ನಾಲ್ಕಾಗಿ ಹರಿದು ಬುಟ್ಟಿಗೆ ಹಾಕಿದರು. ಜೇಬಿನಿಂದ ಬೀಗದ ಕೈ ತೆಗೆದು ಬೀರು ತೆರೆದರು. ಹನ್ನೆರಡು ತಿಂಗಳದ್ದಲ್ಲ, ಐದು ವರ್ಷದ ಬಿಲ್ಲುಗಳನ್ನು ಎರಡು ಕೈಯಲ್ಲಿ ತಬ್ಬಿಕೊಂಡು ತಂದು ಅವಳ ಮುಂದೆ ಸುರಿದರು.

ಆಮೇಲಿನ ಮೂರು ವಾರ ಕತ್ತರಿ ಅಲ್ಲೇ ಠಿಕಾಣಿ ಹೂಡಿದಳು. ಬೋರ್ಡಮ್ಮನೂ ಮೊದಲಿನ ಬೋರ್ಡಮ್ಮನಾಗಿ ಉಳಿಯಲಿಲ್ಲ. ಒಂದು ಮಧ್ಯಾಹ್ನ ಟೀ ಲೋಟವನ್ನು ಅವಳ ಮುಂದೆ ಕುಕ್ಕಿ, ಖರ್ಚು ಇಳಿಸಲು ಬಂದವರು ಮೊದಲು ಇಳಿಸುವುದು ಬೋರ್ಡಿನ ಮುಂದೆ ಕುಳಿತವರನ್ನೇ ಅಲ್ಲವೇ, ಸತ್ಯ ಹೇಳು ಎಂದು ಕೇಳಿಯೇಬಿಟ್ಟರು.

"ನಾನು ಲೈನು ತೆಗೆಸೋಕೆ ಬಂದಿರೋಳು ಬೋರ್ಡಮ್ಮ, ಜನಾನ ಅಲ್ಲ," ಎಂದಳು ಕತ್ತರಿ. "ನೀವಿಲ್ಲದೆ ಈ ಹದಿನಾಲ್ಕು ಲೈನಿನ ಜಾತಕ ನನಗೆ ಇನ್ಯಾರು ಹೇಳ್ತಾರೆ?"

ಜಾತಕ ಒಂದೊಂದಾಗಿ ಹೊರಬಿತ್ತು. ಮೂರು ಲೈನುಗಳು ನಿಜಕ್ಕೂ ಯಾರಿಗೂ ಬೇಡವಾದವು. ಈ ಸಲ ಪ್ರತಿಯೊಂದರ ತಂತಿಯ ಹಿಂದೆಯೂ ಅವಳು ಮಂಡಿಯೂರಿ ಹೋಗಿ, ಬೀರು ಸರಿಸಿ, ಕೊನೆ ಮುಟ್ಟಿ ಬಂದಳು. ಎಂದೋ ಮಾರಿಹೋದ ಎಂಟು ಕಾರುಗಳ ಸಿಮ್‌ಗಳಿಗೆ ಇನ್ನೂ ಬಾಡಿಗೆ ಹೋಗುತ್ತಿತ್ತು. ಅತ್ತರಿನ ಮನುಷ್ಯ ಬಿಟ್ಟುಹೋಗಿದ್ದ ಒಂದು ಸೇವೆಗೆ ಫೋನ್ ಕಂಪನಿಯವರು ಪ್ರತಿ ತಿಂಗಳೂ ಎರಡೆರಡು ಸಲ ಹಣ ಕಟ್ಟಿಸಿಕೊಳ್ಳುತ್ತಿದ್ದರು. ಅವಳು ಬೋರ್ಡಮ್ಮನನ್ನೇ ಜೊತೆಗೆ ಕರೆದುಕೊಂಡು ಫೋನ್ ಕಂಪನಿಯ ಆಫೀಸಿಗೆ ಹೋದಳು. ಅಲ್ಲಿನ ಅಧಿಕಾರಿ ಮೊದಲು ನಿಯಮ ಹೇಳಿದ, ಆಮೇಲೆ ತಪ್ಪನ್ನು ಕಂಪ್ಯೂಟರಿನ ಮೇಲೆ ಹಾಕಿದ, ಕೊನೆಗೆ ಸೋಮವಾರ ಬನ್ನಿ ಎಂದ. ಸೋಮವಾರವೂ ಹೋದರು. ಬೋರ್ಡಮ್ಮ ಕೈಚೀಲವನ್ನು ಮಡಿಲಲ್ಲಿಟ್ಟುಕೊಂಡು, ಊಟದ ಡಬ್ಬಿಯನ್ನೂ ಬಿಚ್ಚಿಟ್ಟುಕೊಂಡು, ನಮಗೇನೂ ಅವಸರವಿಲ್ಲ ಎಂದರು. ಮಧ್ಯಾಹ್ನದ ಹೊತ್ತಿಗೆ ಅಧಿಕಾರಿ ಎರಡು ಸಲ ಕಟ್ಟಿದ್ದನ್ನು ವಾಪಸು ಕೊಡಲು ಒಪ್ಪಿದ. ಹೊಸ ದರಕ್ಕೂ ಮುದ್ರೆ ಒತ್ತಿಕೊಟ್ಟ.

ಮುಂದಿನ ತಿಂಗಳ ಬಿಲ್ಲು ಮೊದಲಿನದಕ್ಕಿಂತ ಮೂರರಲ್ಲೊಂದು ಭಾಗ ಕಡಿಮೆ ಬಂತು. ಅದನ್ನು ನೋಡಿದ ಯಜಮಾನರು ಅವಳ ಪಾಲಿನ ಚೆಕ್ಕನ್ನು ಅವಳು ಕೇಳುವ ಮೊದಲೇ ಬರೆದರು.

ನಲವತ್ತಾರಕ್ಕೆ ಬರುವ ಕರೆ ಈಗ ಸೀದಾ ಬೋರ್ಡಮ್ಮನ ಮೇಜಿಗೆ ಬರುತ್ತದೆ. ಕಟಿಂಗ್ ಶಾಪಿನವರಿಗೆ ಕತ್ತರಿಯೇ ಅಗ್ಗದ ಒಂದು ಬೇರೆ ಲೈನು ಹಾಕಿಸಿಕೊಟ್ಟಳು. ಹಳೆಯ ಒಂಬತ್ತು ವರ್ಷದ ಮಾತನ್ನು ಯಜಮಾನರು ಎತ್ತಲೇ ಇಲ್ಲ. ಒಂಬತ್ತು ವರ್ಷ ಕಿಟಕಿಗೆ ಓಡಿದವರಿಗೆ ಕಂಪನಿಯೇ ಏನಾದರೂ ಕೊಡಬೇಕಿತ್ತು ಎಂದು ಮಾತ್ರ ಹೇಳಿ, ಅವರ ಮಗಳು ಊರಿಗೆ ಬಂದಾಗಲೆಲ್ಲ ನಿಲ್ದಾಣಕ್ಕೆ ಕಾರು ಕಳಿಸುವುದನ್ನು ರೂಢಿ ಮಾಡಿಕೊಂಡರು.

ಎಲ್ಲರಿಗೂ ಈ ಬದಲಾವಣೆ ಹಿಡಿಸಿತು ಎನ್ನುವಂತಿಲ್ಲ. ಕತ್ತರಿ ಮತ್ತೆ ಒಂದು ದಿನ ಹೋದಾಗ ಬೋರ್ಡಮ್ಮ ಮುಖ ಊದಿಸಿಕೊಂಡಿದ್ದರು. ಹಳೆಯ ಗಿರಾಕಿಗಳು ಅವರ ದನಿ ಕೇಳಿದ ಕೂಡಲೇ, ಮೊದಲು ಮಾತಾಡುತ್ತಿದ್ದ ಆ ಒಳ್ಳೆಯ ಮನುಷ್ಯ ಎಲ್ಲಿ ಹೋದರು, ಆರೋಗ್ಯವಾಗಿದ್ದಾರೆ ತಾನೇ ಎಂದು ವಿಚಾರಿಸುತ್ತಾರಂತೆ. ಮೂವತ್ತೊಂದು ವರ್ಷದಲ್ಲಿ ತನ್ನ ಆರೋಗ್ಯ ಒಬ್ಬರಾದರೂ ವಿಚಾರಿಸಿದ್ದಾರೆಯೇ ಎಂದು ಬೋರ್ಡಮ್ಮ ಕೇಳಿದರು. ಕತ್ತರಿ ಅಲ್ಲೇ ಕುಳಿತು ವಿಚಾರಿಸಿದಳು. ಮಂಡಿನೋವಿನ ಕಥೆ ಅರ್ಧ ಗಂಟೆ ನಡೆಯಿತು.

ಅಷ್ಟರಲ್ಲಿ ಯಜಮಾನರು ಒಳಗಿನಿಂದ ಕರೆದರು. ಅವರ ಭಾವನದೊಂದು ಶೀತಲಗೃಹ ಇದೆಯಂತೆ, ಇಪ್ಪತ್ತೆರಡು ಲೈನು. ಯಾರನ್ನೂ ನಂಬದ ಮನುಷ್ಯ, ಬಿಲ್ಲು ಕೇಳಿದರೆ ಹರಿಹಾಯುತ್ತಾರಂತೆ. "ನಾನು ಫೋನ್ ಮಾಡಿ ಹೇಳಿದೀನಿ," ಎಂದರು ಯಜಮಾನರು. "ಮೊದಲು ಬೈತಾರೆ. ನೀವು ಹೋಗಿ."

ಅವಳು ಅಂದೇ ಹೋದಳು. ದಪ್ಪನೆಯ ಒಂದು ಸ್ವೆಟರನ್ನೂ ಜೊತೆಗೆ ಒಯ್ದಳು.