ಬೆಳಕಿನ ಕೆಲಸ

ಸುಮೀನಾ ಉಳ್ಳಾಲದ ಹುಡುಗಿ. ವಿದ್ಯಾರ್ಥಿವೇತನ ಸಿಕ್ಕಿ ಅಬುಧಾಬಿಯ ಒಂದು ವಿಶ್ವವಿದ್ಯಾಲಯದಲ್ಲಿ ರಂಗಭೂಮಿ ಓದುತ್ತಿದ್ದಳು. ಎರಡನೇ ವರ್ಷ ಮುಗಿದ ಮೇಲೆ ರಜೆಯಲ್ಲಿ ಯಾವುದಾದರೂ ನಾಟಕ ತಂಡದಲ್ಲಿ ಇಂಟರ್ನ್‌ಶಿಪ್ ಮಾಡಲೇಬೇಕೆಂಬ ನಿಯಮವಿತ್ತು. ಜೊತೆಯವರು ಲಂಡನ್, ಬರ್ಲಿನ್ ಎಂದು ಹೊರಟರು. ಅವಳಿಗೆ ಅಲ್ಲಿಯ ವೀಸಾ ಸಿಗಲಿಲ್ಲ. ದುಬೈಯ ದೊಡ್ಡ ರಂಗಮಂದಿರಗಳಿಗೆ ಬರೆದಳು. ಬೇಸಿಗೆಯಲ್ಲಿ ನಾಟಕಗಳಿಲ್ಲ, ಚಳಿಗಾಲಕ್ಕೆ ವಿಚಾರಿಸಿ ಎಂದರು. ಬಾ ಎಂದು ಕರೆದದ್ದು ದುಬೈಯದೇ ಊದ್ ಮೇಥಾ ಬಡಾವಣೆಯ ಒಂದು ಸಣ್ಣ ತಂಡ ಮಾತ್ರ.

ಆ ತಂಡ ನಡೆಸುತ್ತಿದ್ದವನು ಮಂಗಳೂರಿನ ಲಿಯೊನೆಲ್. ಐವತ್ತು ದಾಟಿದ ಮನುಷ್ಯ. ಒಂದು ಕ್ಲಬ್ಬಿನ ಹಾಲ್ ಬಾಡಿಗೆಗೆ ಹಿಡಿದು ಅಲ್ಲೇ ತಾಲೀಮು, ಅಲ್ಲೇ ಪ್ರದರ್ಶನ.

"ಮನೆಯಲ್ಲಿ ಬ್ಯಾರಿ ಮಾತಾಡ್ತೀಯಾ?" ಅದು ಅವನ ಮೊದಲ ಪ್ರಶ್ನೆ.

"ಹೌದು ಸರ್."

"ಹಾಗಾದ್ರೆ ಮುಗೀತು ಮಾರಾಯ್ತಿ. ನಮ್ಮ ನಾಟಕ ಇಲ್ಲಿ ಅಡುಗೆ ಕೆಲಸಕ್ಕೆ ಬಂದ ಒಬ್ಬಳ ಕಥೆ. ಊರಿಂದ ಅವಳ ತಾಯಿ ಫೋನ್ ಮಾಡ್ತಾಳೆ. ತಾಯಿ ಸ್ಟೇಜಿಗೆ ಬರುದಿಲ್ಲ, ಬರೀ ದನಿ. ಆ ದನಿ ನಿಂದು."

"ನಾನು ಲೈಟಿಂಗ್ ಕಲೀಲಿಕ್ಕೆ ಬಂದದ್ದು ಸರ್."

"ಲೈಟಿಗೆ ಆಶ್ಲೆ ಇದ್ದಾನಲ್ಲ. ಬ್ಯಾರಿ ಮಾತಾಡುವವರೇ ನಂಗೆ ಇಲ್ಲದ್ದು."

ಸುಮೀನಾ ಯೋಚಿಸಿ ಹೇಳುತ್ತೇನೆ ಎಂದಳು. ತರಗತಿಯ ನಾಟಕಗಳಲ್ಲಿಯೂ ಮನೆಗೆಲಸದವಳೋ ಕೂಲಿಯವನ ತಾಯಿಯೋ ಬಂದರೆ ಎಲ್ಲರೂ ಅವಳತ್ತಲೇ ನೋಡುತ್ತಿದ್ದರು. ಅವಳಿಗೆ ಅದು ಸಾಕಾಗಿತ್ತು.

ಹಾಸ್ಟೆಲ್ ರಜೆಗೆ ಮುಚ್ಚಿದ್ದರಿಂದ ಅವಳು ದುಬೈಯ ದೇರಾದಲ್ಲಿ ಮಾವ ಉಮ್ಮರಬ್ಬನ ಮನೆಯಲ್ಲಿದ್ದಳು. ಉಮ್ಮರಬ್ಬನದು ಮಸಾಲೆ ಸಾಮಾನಿನ ಹೋಲ್‌ಸೇಲ್ ಅಂಗಡಿ. ಊಟಕ್ಕೆ ಕುಳಿತಾಗ ಅವಳು ವಿಷಯ ಹೇಳಿದಳು.

"ಸಿಕ್ಕಿದ್ದನ್ನು ಯಾರಾದ್ರೂ ಬಿಡ್ತಾರಾ? ಮಾತಾಡ್ಲಿಕ್ಕೆ ಎಂತ ಕಷ್ಟ?" ಎಂದ ಮಾವ.

"ಅವಳಿಗೆ ಬೇಡ ಅಂದ್ರೆ ಬೇಡ," ಎಂದಳು ಅವನ ಹೆಂಡತಿ ಖದೀಜ. ಗಂಡನಿಗೆ ಸಾರು ಬಡಿಸಿ ಕೇಳಿದಳು: "ಆ ತಾಯಿ ಎಂತ ಹೇಳ್ತಾಳೆ ಫೋನಲ್ಲಿ?"

ಲಿಯೊನೆಲ್ ತೋರಿಸಿದ ಹಾಳೆಯಲ್ಲಿ ಓದಿದ್ದನ್ನು ಸುಮೀನಾ ನೆನಪಿದ್ದಷ್ಟು ಹೇಳಿದಳು. ಊಟ ಮಾಡಿದೆಯಾ, ಬೆನ್ನು ನೋವು ಹೇಗುಂಟು, ಈ ಸಲವಾದರೂ ಬರುತ್ತೀಯಾ. ಖದೀಜ ಅನ್ನ ಕಲಸುವುದನ್ನು ನಿಲ್ಲಿಸಿ ಕೇಳಿಸಿಕೊಂಡಳು.

"ಮುಖ ತೋರಿಸ್ಲಿಕ್ಕೆ ಇಲ್ಲ ಅಲ್ವಾ? ಹಾಗಾದ್ರೆ ನಾನು ಹೇಳ್ಬಹುದಾ?"

ಉಮ್ಮರಬ್ಬ ನಕ್ಕ. ಖದೀಜ ನಗಲಿಲ್ಲ.

"ಜನ ಕೇಳಿದ್ರೆ ನಾನು ಎಂತ ಹೇಳುದು?" ಎಂದ ಅವನು.

"ಖದೀಜ ಮಾತಾಡ್ತಾಳೆ ಅಂತ ಹೇಳಿ. ನಾನು ಮಾತಾಡುದು ಜಾಸ್ತಿ ಅಂತ ನೀವೇ ಎಲ್ಲರ ಹತ್ರ ಹೇಳ್ತೀರಲ್ಲ."

ಅವನು ಕೈ ತೊಳೆಯಲು ಎದ್ದ. "ಖಲಾಸ್. ನಿಮ್ಮಿಷ್ಟ."

ಮರುದಿನ ಸುಮೀನಾ ಲಿಯೊನೆಲ್‌ಗೆ ಫೋನ್ ಮಾಡಿದಳು. ಮಾಮಿ ದನಿ ಕೊಡಲು ತಯಾರಿದ್ದಾರೆ, ಆದರೆ ತನ್ನನ್ನು ಆಶ್ಲೆಯ ಕೈಕೆಳಗೆ ಹಾಕಬೇಕು ಎಂದಳು.

"ವ್ಯಾಪಾರದವರ ಮನೆಯವಳಾ ನೀನು?"

"ಹೌದು ಸರ್."

"ಯಲ್ಲಾ, ಆಯ್ತು, ಕರ್ಕೊಂಡು ಬಾ."

ಧ್ವನಿಮುದ್ರಣದ ದಿನ ಖದೀಜ ಹೊಸ ಅಬಾಯ ಹಾಕಿಕೊಂಡು ಬಂದಳು. ಮೈಕಿನ ಮುಂದೆ ಕುಳಿತದ್ದೇ ತಡ, ಶಾಲೆಯ ಮಗು ಪಾಠ ಒಪ್ಪಿಸಿದಂತೆ ಒಪ್ಪಿಸಿದಳು. ಲಿಯೊನೆಲ್ ನೀರು ಕೊಟ್ಟ, ಸಮಾಧಾನ ಹೇಳಿದ, ಮತ್ತೆ ಮತ್ತೆ ಹೇಳಿಸಿದ. ಪ್ರತಿ ಸಲವೂ ಮೊದಲಿನದಕ್ಕಿಂತ ಕೆಟ್ಟದಾಯಿತು. ಕೊನೆಗೆ ಸುಮೀನಾಳನ್ನು ಬದಿಗೆ ಕರೆದ.

"ಅವರಿಂದ ಆಗ್ಲಿಕ್ಕಿಲ್ಲ. ನೀನೇ ಮಾಡು. ಲೈಟ್ ಮತ್ತೆ ನೋಡುವ."

ಸುಮೀನಾ ಮಾಮಿಯನ್ನು ನೋಡಿದಳು. ಟ್ಯೂಬ್‌ಲೈಟುಗಳೆಲ್ಲ ಉರಿಯುತ್ತಿದ್ದವು. ಎದುರು ಕುರ್ಚಿಗಳಲ್ಲಿ ನಟರು ಕುಳಿತಿದ್ದರು. ಖದೀಜ ಅವರ ಮುಖ ನೋಡುತ್ತಲೇ ಮಾತಾಡುತ್ತಿದ್ದಳು.

"ಸರ್, ಒಂದೇ ಒಂದು ಸಲ. ಇಲ್ಲಿಯ ಲೈಟೆಲ್ಲ ಆಫ್ ಮಾಡ್ತೇನೆ."

ಆಶ್ಲೆ ಅವಳಿಗೆ ಸ್ವಿಚ್ಚು ತೋರಿಸಿದ. ಹಾಲ್ ಕತ್ತಲಾಯಿತು. ಮಾಮಿಯ ಬೆನ್ನ ಹಿಂದೆ ಒಂದು ಸಣ್ಣ ದೀಪವನ್ನಷ್ಟೇ ಉಳಿಸಿದಳು. ಖದೀಜಳಿಗೆ ಈಗ ಎದುರು ಯಾರೂ ಕಾಣುತ್ತಿರಲಿಲ್ಲ. ಅವಳು ಮೈಕಿಗೆ ಹತ್ತಿರ ಬಾಗಿದಳು. ಆಮೇಲೆ ಮಾತಾಡಿದಳು. ಖದೀಜಳ ತಾಯಿ, ಅವಳ ಉಮ್ಮ, ಊರಲ್ಲಿ ತೀರಿಕೊಂಡದ್ದು ಕೊರೊನಾದಿಂದ ವಿಮಾನಗಳು ನಿಂತಿದ್ದ ವರ್ಷ. ಕೊನೆಯ ಮಾತೂ ಫೋನಿನಲ್ಲೇ ಆಗಿತ್ತು. ಅದನ್ನು ಅಲ್ಲಿದ್ದವರಲ್ಲಿ ಬಲ್ಲವಳು ಸುಮೀನಾ ಒಬ್ಬಳೇ. ಮಾತು ಮುಗಿದ ಮೇಲೂ ಲಿಯೊನೆಲ್ ಯಂತ್ರ ನಿಲ್ಲಿಸಲು ಮರೆತಿದ್ದ.

ಅಲ್ಲಿಂದ ಸುಮೀನಾಳ ಇಂಟರ್ನ್‌ಶಿಪ್ ಲೈಟಿನ ಕೆಲಸದಲ್ಲೇ ನಡೆಯಿತು. ಹೆಚ್ಚಿನದು ಕೇಬಲ್ ಸುತ್ತುವುದು, ಧೂಳು ಒರೆಸುವುದು. ಪ್ರದರ್ಶನದಲ್ಲಿ ಆಶ್ಲೆ ಅವಳಿಗೆ ಒಂದು ಸನ್ನಿವೇಶ ಬಿಟ್ಟುಕೊಟ್ಟ: ತಾಯಿಯ ದನಿ ಬರುವಾಗ ರಂಗದ ಬೆಳಕನ್ನು ನಿಧಾನವಾಗಿ ಇಳಿಸಬೇಕು. ಮೊದಲ ದಿನ ಬೇಗ ಇಳಿಸಿ ಬೈಸಿಕೊಂಡಳು. ಎರಡನೇ ದಿನ ಸರಿಹೋಯಿತು.

ಆ ಎರಡನೇ ದಿನ ಉಮ್ಮರಬ್ಬ ಅಂಗಡಿಯಿಂದ ನೇರ ಬಂದು ಹಿಂದಿನ ಸಾಲಿನಲ್ಲಿ ಕುಳಿತಿದ್ದ. ನಾಟಕ ಮುಗಿದ ಮೇಲೆ ಹೊರಗೆ ಕಾರಿನ ಬಳಿ ಹೆಂಡತಿಗೆ ಹೇಳಿದ: "ನಿನ್ನ ಉಮ್ಮನ ದನಿಯೇ."

"ಗೊತ್ತಾಯ್ತಾ ನಿಮ್ಗೆ?" ಎಂದಳು ಖದೀಜ.

ಅವನು ಕಾರಿನ ಬಾಗಿಲು ತೆಗೆದುಕೊಟ್ಟ.

ವಿಶ್ವವಿದ್ಯಾಲಯಕ್ಕೆ ಲಿಯೊನೆಲ್ ಸುಮೀನಾಳ ಬಗ್ಗೆ ಒಳ್ಳೆಯದನ್ನೇ ಬರೆದ. ಇಂಟರ್ನ್‌ಶಿಪ್ ಪಾಸಾಯಿತು. ಅಬುಧಾಬಿಗೆ ಹೊರಡುವ ದಿನ ಅವಳು ಬ್ಯಾಗು ತುಂಬುತ್ತಿದ್ದಾಗ ಖದೀಜ ಬಾಗಿಲಲ್ಲಿ ನಿಂತಳು.

"ಲಿಯೊನೆಲ್ ಫೋನ್ ಮಾಡಿದ್ರು. ಚಳಿಗಾಲದ ನಾಟಕಕ್ಕೂ ಬರ್ಬೇಕಂತೆ."

"ನನ್ನನ್ನಾ?"

"ಇಲ್ಲ. ನನ್ನನ್ನು."

ಸುಮೀನಾ ಮಡಿಸಿದ್ದ ಅಂಗಿಯನ್ನು ಬಿಡಿಸಿ ಮತ್ತೆ ಮಡಿಸಿದಳು. ಸಂತೋಷಪಡಬೇಕು ಎಂದು ಅವಳಿಗೆ ಗೊತ್ತಿತ್ತು. ಅದು ಬರಲು ಸ್ವಲ್ಪ ಹೊತ್ತು ಹಿಡಿಯಿತು.

"ನೀನಿಲ್ಲದಿದ್ರೆ ನಾನೂ ಬರುದಿಲ್ಲ ಅಂತ ಹೇಳ್ಲಾ?" ಎಂದಳು ಖದೀಜ.

"ಬೇಡ ಮಾಮಿ. ನೀವು ಹೋಗಿ. ನನ್ನದು ನಾನೇ ಕೇಳ್ತೇನೆ."

ಬಸ್ಸಿನಲ್ಲಿ ಕುಳಿತು ಅವಳು ಲಿಯೊನೆಲ್‌ಗೆ ಬರೆಯಲಿಲ್ಲ, ಆಶ್ಲೆಗೆ ಬರೆದಳು. ಚಳಿಗಾಲದ ನಾಟಕದ ಲೈಟಿನ ಕೆಲಸಕ್ಕೆ ವಾರದ ಕೊನೆಗೆ ಬರಬಹುದೇ ಎಂದು ಕೇಳಿದಳು. ಬಸ್ಸು ದುಬೈಯ ಅಂಚಿನ ಜೆಬೆಲ್ ಅಲಿ ದಾಟುವಷ್ಟರಲ್ಲಿ ಉತ್ತರ ಬಂತು: ಸಂಬಳ ಮಾಫಿ, ಒಂದು ದಿರ್ಹಮೂ ಇಲ್ಲ; ಏಣಿ ಹತ್ತಲು ಹೆದರಬಾರದು. ಹೆದರುವುದಿಲ್ಲ ಎಂದು ಬರೆದಳು. ಅದು ಪೂರ್ತಿ ನಿಜವಾಗಿರಲಿಲ್ಲ. ಆದರೆ ಚಳಿಗಾಲಕ್ಕೆ ಇನ್ನೂ ಸಮಯವಿತ್ತು.